ಮಾಲೆ ಹಾಕಿದಾಗಿನ ರಿಪೋರ್ಟು

ಕೋಟೇಶ್ವರದಲ್ಲಿರುವ ನನ್ನ ಗಂಡನ ಅಂಗಡಿಯಲ್ಲಿ, ದೇವರ ಪಟದ ಪಕ್ಕದಲ್ಲೇ, ಲ್ಯಾಮಿನೇಶನ್ ಮಾಡಿಸಿದ ಒಂದು ರಕ್ತಪರೀಕ್ಷೆಯ ರಿಪೋರ್ಟು ನೇತಾಡುತ್ತಿತ್ತು. ಕಂಡಾಗೆಲ್ಲ ಕಿತ್ತು ಒಲೆಗೆ ಹಾಕಬೇಕೆನಿಸುತ್ತಿತ್ತು.

ಕೊಲೆಸ್ಟ್ರಾಲ್ ಅವರ ಮನೆತನದಲ್ಲೇ ಇದೆ. ಮೀನು ವ್ಯಾಪಾರ ಮಾಡುತ್ತಿದ್ದ ಮಾವ ನಲವತ್ತೇಳಕ್ಕೇ ಹೃದಯಾಘಾತದಿಂದ ಹೋದರು. ಅಷ್ಟಾದರೂ ಇವರಿಗೆ ಬುದ್ಧಿ ಬರಲಿಲ್ಲ. ಶಬರಿಮಲೆಗೆ ಮಾಲೆ ಹಾಕಿದರೆ ಮಾತ್ರ ಮಹಾ ಸಾತ್ವಿಕ. ಮೀನಿಲ್ಲ, ಕೋಳಿಯಿಲ್ಲ, ಬರಿಗಾಲ ನಡಿಗೆ. ಡಾಕ್ಟರು ಬರೆದ ಗುಳಿಗೆಯನ್ನೂ ಆಗ ತಪ್ಪದೆ ನುಂಗುತ್ತಿದ್ದರು. ಆ ವ್ರತದ ಕೊನೆಯ ವಾರವೇ ಹೋಗಿ ರಕ್ತ ಕೊಟ್ಟು ಬರುವುದು! ಮಾಲೆ ತೆಗೆದ ಮರುದಿನದಿಂದ ತುಪ್ಪದಲ್ಲಿ ಹುರಿದ ಕೋಳಿ ಶುರು, ಗುಳಿಗೆ ಬಂದ್.

"ಕಾಣ್, ನಾರ್ಮಲ್ ಇತ್ತ್. ಇನ್ನ್ ಗುಳ್ಗಿ ಎಂತಕ್ಕೆ?" ಎನ್ನುತ್ತಿದ್ದರು.

"ಉಳ್ದ್ ಹತ್ತ್ ತಿಂಗ್ಳ್ ತಿಂದದ್ದ್ ಎಲ್ಲಿಗ್ ಹೋತ್ತ್?" ಎಂದರೆ ನಾನು ಅಪಶಕುನದವಳು.

ಈ ವರ್ಷ ಜಗಳ ಮಾಡಿ ಕುಂದಾಪುರಕ್ಕೆ ಎಳೆದುಕೊಂಡು ಹೋದೆ. ಕುತ್ತಿಗೆಯ ಸ್ಕ್ಯಾನ್ ನೋಡಿದ ಡಾಕ್ಟರು, ಮಿದುಳಿಗೆ ರಕ್ತ ಒಯ್ಯುವ ನಾಳದ ಗೋಡೆ ಆಗಲೇ ದಪ್ಪವಾಗಿದೆ ಎಂದರು. ಇವರಿಗಿನ್ನೂ ನಲವತ್ತೊಂದು. ಇವರು ಫೋನಿನಲ್ಲಿದ್ದ ತಮ್ಮ ರಿಪೋರ್ಟಿನ ಫೋಟೋ ತೋರಿಸಿದರು.

"ಇದು ಆ ವಾರದ ಮಾತು ಮಾರಾಯ್ರೆ. ಗೋಡೆ ದಪ್ಪ ಆದದ್ದು ಚಿಕ್ಕಂದಿನಿಂದ. ಮಗನ ರಕ್ತವನ್ನೂ ಒಮ್ಮೆ ನೋಡಿಸಿ" ಎಂದರು ಡಾಕ್ಟರು.

ಮಗನಿಗೆ ಒಂಬತ್ತು ವರ್ಷ. ನಾನು ಅಲ್ಲೇ ಲ್ಯಾಬಿಗೆ ಚೀಟಿ ಬರೆಸಿಕೊಂಡೆ. ಈ ಮನುಷ್ಯ ಮಾತ್ರ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, "ಬಪ್ಪ್ ವರ್ಷ ಅವ್ನಿಗೂ ಮಾಲಿ ಹಾಕ್ಸುವ, ಸಮ ಆತ್ತ್" ಎಂದರು. ಜನ ನೋಡುತ್ತಿದ್ದರು, ಇಲ್ಲದಿದ್ದರೆ ಆ ಚಪ್ಪಲಿ ನನ್ನ ಕೈಯಲ್ಲಿರುತ್ತಿತ್ತು. ದೇವರ ಮೇಲೆ ನನಗೆ ಸಿಟ್ಟಿಲ್ಲ. ದೇವರನ್ನು ಅಡ್ಡ ಇಟ್ಟುಕೊಂಡು ತಿನ್ನುವವರ ಮೇಲೆ ಇದೆ.

ಮರುದಿನ ಶಾಲೆಗೆ ರಜೆ ಹಾಕಿಸಿ ಮಗನನ್ನು ಲ್ಯಾಬಿಗೆ ಕರೆದೊಯ್ದೆ. ಅವನು ಸೂಜಿಗೆ ಅಳಲಿಲ್ಲ. ಸಂಜೆ ರಿಪೋರ್ಟು ಬಂತು. ಅವನಪ್ಪ ಮೊದಲ ಸಲ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ ಎಷ್ಟು ಏರಿತ್ತೋ ಹೆಚ್ಚುಕಡಿಮೆ ಅಷ್ಟೇ. ನೆತ್ತರಲ್ಲೇ ಬಂದದ್ದು, ಅವನು ತಿಂದು ಬರಿಸಿಕೊಂಡದ್ದಲ್ಲ. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹೊರಗೆ ಬಂದಾಗ ಇವರು ಊಟದ ಮೇಜಿನ ಮುಂದೆ ಆ ಕಾಗದ ಹಿಡಿದು ಕೂತಿದ್ದರು. ಮಗ ಪಕ್ಕದಲ್ಲಿ ನಿಂತು ಕೇಳಿದ, "ಅಪ್ಪಯ್ಯ, ನಾನೂ ಗುಳ್ಗಿ ತಿನ್ಕಾ?"

ಇವರು ಕಪಾಟಿನಿಂದ ತಮ್ಮ ಹಳೇ ಗುಳಿಗೆ ತಂದು, ಮತ್ತೆ ಕೂತು ಒಂದನ್ನು ತಮ್ಮ ಅಂಗೈಗೆ ಬಿಡಿಸಿಕೊಂಡರು.

"ಒಂಚೂರ್ ನೀರ್ ಕೊಡ್" ಎಂದರು.

"ನೀವೇ ಎದ್ದ್ ತಕಣಿ" ಎಂದೆ. ಮಗನನ್ನು ಕರೆದುಕೊಂಡು ಒಳಗೆ ಹೋದೆ.