ದ್ವಾದಶಿಯ ದಿನ ತೆರೆದಿಟ್ಟ ಬಾಗಿಲು

ಮುಂಬಯಿ ಪಕ್ಕದ ಥಾಣೆಯ ಮಾಜಿವಾಡಾದ ನಮ್ಮ ಟವರ್‌ನಲ್ಲಿ ಹೊರಗಿನವರೊಬ್ಬರು ಮನೆಯ ಬಾಗಿಲಿಗೆ ಬಂದು ನಿಲ್ಲಬೇಕಾದರೆ ಮೊದಲು ಗೇಟಿನಲ್ಲಿ ಹೆಸರು ಹೇಳಬೇಕು. ಅಲ್ಲಿಯವರು ಅವರ ಫೋಟೋ ತೆಗೆದು ನಮ್ಮ ಮೊಬೈಲಿಗೆ ಕಳುಹಿಸುತ್ತಾರೆ; ನಾವು ಅದನ್ನು ನೋಡಿ ಒಪ್ಪಿಗೆಯ ಗುಂಡಿ ಒತ್ತಬೇಕು; ಆಮೇಲೆ ಲಾಬಿಯಲ್ಲಿ ಕುಳಿತ ಇನ್ನೊಬ್ಬರು ಲಿಫ್ಟಿನ ದಾರಿ ಬಿಟ್ಟುಕೊಡುತ್ತಾರೆ. ವೈಕುಂಠದ ಬಾಗಿಲಲ್ಲಿ ಒಮ್ಮೆ ಋಷಿಗಳನ್ನು ತಡೆದದ್ದಕ್ಕೆ ದ್ವಾರಪಾಲಕರು ಮೂರು ಜನ್ಮ ಕಷ್ಟಪಡಬೇಕಾಯಿತು. ಇಲ್ಲಿ ಅದೇ ಕೆಲಸಕ್ಕೆ ತಿಂಗಳ ಸಂಬಳ ಉಂಟು. ಅದನ್ನು ಕೊಡುವವರು ನಾವೇ. ಈ ಬಿಗಿಗಾಗಿಯೇ ಇಲ್ಲಿನ ಮನೆಗಳಿಗೆ ಅಷ್ಟು ಬೆಲೆ ಎಂದು ನನ್ನ ಮಗನ ವಾದ.

ಇಲ್ಲಿಗೆ ಬರುವ ಮೊದಲು ಡೊಂಬಿವಲಿಯಲ್ಲಿ ನಮಗಿದ್ದದ್ದು ಮೂರನೆಯ ಮಹಡಿಯ ಸಣ್ಣ ಮನೆ. ಉಡುಪಿಯ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು ಈ ಕಡೆಗೆ ಬಂದ ನಾನು ಅಲ್ಲಿನ ಶಾಲೆಯೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತನಾದೆ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನೀರು ಬೆಳಗ್ಗೆ ಸ್ವಲ್ಪ ಹೊತ್ತು ಬಂದು ಮುಖ ತೋರಿಸಿ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಹೆಂಗಸರೆಲ್ಲ ಬಿಂದಿಗೆ ಹಿಡಿದು ಕೆಳಗಿನ ಟ್ಯಾಂಕಿನ ಬಳಿ ಸೇರುತ್ತಿದ್ದರು. ಬಾಗಿಲು ಮಾತ್ರ ಬೆಳಗಿನ ರಂಗೋಲಿಯಿಂದ ರಾತ್ರಿಯ ಊಟದವರೆಗೆ ತೆರೆದೇ ಇರುತ್ತಿತ್ತು. ಅಪರೂಪಕ್ಕೆ ಮುಚ್ಚಿದರೆ, ಯಾರಿಗಾದರೂ ಹುಷಾರಿಲ್ಲವೇ ಎಂದು ಎದುರು ಮನೆಯವರು ಬಂದು ತಟ್ಟುತ್ತಿದ್ದರು.

ಬಾಗಿಲು ತೆರೆದಿಡುವುದಕ್ಕೆ ನನ್ನಲ್ಲಿ ಬೇರೆಯೇ ಒಂದು ಕಾರಣವಿತ್ತು. ನನ್ನ ತಂದೆಯವರು ಜೀವಮಾನವಿಡೀ ಒಂದು ನಿಯಮವನ್ನು ನಡೆಸಿಕೊಂಡು ಬಂದಿದ್ದರು. ಏಕಾದಶಿಯ ದಿನ ನೀರನ್ನೂ ಮುಟ್ಟದೆ ಇದ್ದು, ಮರುದಿನ ದ್ವಾದಶಿಯ ಬೆಳಗ್ಗೆ ಪಾರಣೆಗೆ ಕುಳಿತುಕೊಳ್ಳುವ ಮೊದಲು, ಕರೆಯದೆ ಬಂದ ಒಬ್ಬರಿಗೆ ಎಲೆ ಹಾಕಿ ಬಡಿಸಬೇಕು. ಅವರು ಕೈತೊಳೆದ ಮೇಲೆಯೇ ತಾವು ಉಣ್ಣಬೇಕು. ಬಂದವರ ಜಾತಿ, ಕುಲ, ಹೆಸರು ಯಾವುದನ್ನೂ ಕೇಳುವಂತಿಲ್ಲ. ನಾನು ಊರು ಬಿಟ್ಟು ಹೊರಟಾಗ ಅವರು ಕೊಟ್ಟದ್ದು ಒಂದು ಸಾಲಿಗ್ರಾಮ ಮತ್ತು ಈ ನಿಯಮ. ಎರಡನ್ನೂ ನಾನು ಜೋಪಾನವಾಗಿಯೇ ಇಟ್ಟುಕೊಂಡಿದ್ದೆ.

ಡೊಂಬಿವಲಿಯಲ್ಲಿ ಅದು ಎಂದೂ ತಪ್ಪಲಿಲ್ಲ. ಒಂದು ದ್ವಾದಶಿಗೆ ಮೊಸರು ಕೇಳಿಕೊಂಡು ಮೇಲಿನ ಮನೆಯವರು ಬಂದರೆ, ಇನ್ನೊಂದಕ್ಕೆ ವಿಮೆಯ ಏಜೆಂಟರೊಬ್ಬರು ಬರುತ್ತಿದ್ದರು. ಮತ್ತೊಂದಕ್ಕೆ ಕೆಳಮನೆಯ ಅಜ್ಜಿ, ತಮ್ಮ ಬೆಕ್ಕು ಈ ಕಡೆ ಬಂತೇ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ಪಾರಣೆಯ ಹೊತ್ತಿಗೆ ಸರಿಯಾಗಿ ಹೊಸಿಲಲ್ಲಿ ಒಬ್ಬರು ಪ್ರತ್ಯಕ್ಷ. ಆ ಪುಣ್ಯಭೂಮಿಯ ಗುಣವೇ ಹಾಗೆಂದು ನಾನು ಎಷ್ಟೋ ಸಲ ಎಲ್ಲರ ಮುಂದೆ ಹೇಳಿಕೊಂಡದ್ದುಂಟು.

ಟವರಿಗೆ ಬರುವ ಮಾತು ಎದ್ದದ್ದು ನಮ್ಮ ಮನೆಯವರ, ಎಂದರೆ ನನ್ನ ಹೆಂಡತಿಯ, ಮೊಣಕಾಲಿನಿಂದ. ಮೂರು ಮಹಡಿ ಹತ್ತಿದ ಮೇಲೆ ಅವರಿಗೆ ಆ ದಿನವಿಡೀ ಕುಳಿತಲ್ಲಿಂದ ಏಳಲಾಗುತ್ತಿರಲಿಲ್ಲ. ಮಗನ ಕಚೇರಿ ಘಣಸೋಲಿಯಲ್ಲಿ. ಡೊಂಬಿವಲಿಯಿಂದ ಹೊರಟ ಲೋಕಲ್ ಗಾಡಿಗೆ ದಿವಾ ನಿಲ್ದಾಣದಲ್ಲಿ ಜನ ಹತ್ತಿದ ಮೇಲೆ ಒಂದು ಕಾಲನ್ನಷ್ಟೇ ನೆಲಕ್ಕೆ ಊರಿ ಥಾಣೆಯವರೆಗೆ ಹೋಗಿ, ಅಲ್ಲಿ ಬೇರೆ ಗಾಡಿ ಹಿಡಿಯಬೇಕಿತ್ತು. ಅವನು ಮಾಜಿವಾಡಾದ ಈ ಮನೆಯನ್ನು ಮೊದಲು ಬಾಡಿಗೆಗೆ ಹಿಡಿದ. ಮನೆಯ ಯಜಮಾನರಿಗೆ ಅದನ್ನು ಮಾರುವ ಮನಸ್ಸಿತ್ತು. ಕೊಳ್ಳಬೇಕಾದರೆ ನನ್ನ ಹೆಸರಿನಲ್ಲಿದ್ದ ಡೊಂಬಿವಲಿಯ ಮನೆಯನ್ನು ಮಾರಲೇಬೇಕು. ಮಗ ಒಂದು ದಿನವೂ ಒತ್ತಾಯಿಸಲಿಲ್ಲ. "ಅಪ್ಪಯ್ಯ, ನೀವು ಹೇಳಿದ ಹಾಗೆ. ನೋ ಟೆನ್ಶನ್," ಎನ್ನುತ್ತಿದ್ದ. ಅವನ ಮುಖದಲ್ಲಿ ಮಾತ್ರ ಟೆನ್ಶನ್ ಎದ್ದು ಕಾಣುತ್ತಿತ್ತು.

ನ್ಯಾಯವಾಗಿ ಹೇಳಬೇಕಾದರೆ ಈ ಮನೆಯಲ್ಲಿ ಸುಖಕ್ಕೆ ಕೊರತೆಯಿಲ್ಲ. ನಲ್ಲಿ ತಿರುಗಿಸಿದಾಗಲೆಲ್ಲ ನೀರು. ಲಿಫ್ಟ್ ಎಷ್ಟು ಮೃದುವಾಗಿ ಏರುತ್ತದೆಯೆಂದರೆ, ಬಾಗಿಲು ತೆರೆದಾಗಲೇ ನಾವು ಬೇರೆ ಕಡೆ ಬಂದಿದ್ದೇವೆಂದು ತಿಳಿಯುವುದು. ಬಾಲ್ಕನಿಯಲ್ಲಿ ಸಂಧ್ಯಾವಂದನೆಗೆ ನಿಂತರೆ ಗುಡ್ಡದ ಹಿಂದೆ ಸೂರ್ಯ ಇಳಿಯುವುದು ಪೂರ್ತಿಯಾಗಿ ಕಾಣುತ್ತದೆ. ಡೊಂಬಿವಲಿಯಲ್ಲಿ ನಾನು ಇಷ್ಟು ವರ್ಷ ಅರ್ಘ್ಯ ಕೊಟ್ಟದ್ದು ಎದುರು ಕಟ್ಟಡದ ನೀರಿನ ಟ್ಯಾಂಕಿಗೆ. ಅದರ ಹಿಂದೆ ಸೂರ್ಯನಿದ್ದಾನೆಂಬುದು ನಂಬಿಕೆಯ ಮೇಲೆ ನಿಂತ ಸಂಗತಿಯಾಗಿತ್ತು.

ಆದರೆ ದ್ವಾದಶಿ? ಮೊದಲ ಕೆಲವು ಪಕ್ಷಗಳಲ್ಲಿ ನಾನು ಏಕಾದಶಿಯ ಸಂಜೆಯೇ ಡೊಂಬಿವಲಿಯ ಖಾಲಿ ಮನೆಗೆ ಹೋಗಿ, ಮರುದಿನ ಅಲ್ಲಿ ಪಾರಣೆ ಮುಗಿಸಿ ಬರುತ್ತಿದ್ದೆ. ಅಡುಗೆಗೆಂದು ಮನೆಯವರೂ ಜತೆಗೆ ಬರುತ್ತಿದ್ದರು. ಕಡೆಯ ಸಲ ಮೆಟ್ಟಿಲಿನ ಎರಡನೆಯ ತಿರುವಿನಲ್ಲಿ ಅವರು ಕುಳಿತುಬಿಟ್ಟರು.

"ಇನ್ನು ನನ್ನಿಂದ ಆಗುದಿಲ್ಲ ಮಾರಾಯ್ರೆ. ನಿಮ್ಮ ಅತಿಥಿ ಬೇಕಾದ್ರೆ ಅಲ್ಲಿಗೇ ಬರ್ಲಿ. ಅವ್ರಿಗಾದ್ರೂ ಲಿಫ್ಟ್ ಉಂಟಲ್ಲ!"

ಮರುದಿನ ಪಾರಣೆ ಮುಗಿಸಿ ಟವರಿಗೆ ಮರಳಿದ ರಾತ್ರಿ ನಾನು ಮಗನಿಗೂ ಅವರಿಗೂ ನನ್ನ ನಿರ್ಧಾರವನ್ನು ತಿಳಿಸಿದೆ. ಮುಂದಿನ ದ್ವಾದಶಿಯನ್ನು ಟವರಿನಲ್ಲಿಯೇ ಮಾಡೋಣ. ತಂದೆಯವರ ನಿಯಮ ಇಲ್ಲಿಯೂ ನಡೆದರೆ ಡೊಂಬಿವಲಿಯ ಮನೆಯನ್ನು ಮಾರಲು ಸಹಿ ಹಾಕುತ್ತೇನೆ. ನಡೆಯದಿದ್ದರೆ, ಎಷ್ಟೇ ಸುಖವಿದ್ದರೂ ಈ ಮನೆ ನಮಗಲ್ಲ. ನಾವಿಬ್ಬರು ಹಿಂದಕ್ಕೆ ಹೋಗುವುದು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಮನೆಯವರು ಇನ್ನಷ್ಟು ಜೋರಾಗಿ ತಿಕ್ಕಿಕೊಂಡರು.

ಆ ದ್ವಾದಶಿಯ ಬೆಳಗ್ಗೆ ನಾನು ಸ್ನಾನ, ಪೂಜೆ ಮುಗಿಸಿ, ಮಡಿಪಂಚೆಯುಟ್ಟು, ಶಲ್ಯ ಹೊದ್ದು, ಮನೆಯ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಿಟ್ಟೆ. ಹೊರಗೆ ಉದ್ದನೆಯ ಪಡಸಾಲೆ. ಅದರ ಇಕ್ಕೆಲದ ಬಾಗಿಲುಗಳೆಲ್ಲ ಮುಚ್ಚಿದ್ದವು. ಅಡುಗೆ ಸಿದ್ಧವಾಗಿತ್ತು: ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹೆಸರುಬೇಳೆಯ ಪಾಯಸ. ದ್ವಾದಶಿ ತಿಥಿ ಆ ದಿನ ಹೆಚ್ಚು ಹೊತ್ತು ಇರಲಿಲ್ಲ; ಅದು ಕಳೆಯುವುದರೊಳಗೆ ಪಾರಣೆ ಆಗಲೇಬೇಕು.

ಮೊದಲು ಬಂದದ್ದು ಮನುಷ್ಯನಲ್ಲ, ಕೆಳಗಿನ ಕಾವಲಿನವರ ಇಂಟರ್‌ಕಾಮ್ ಕರೆ.

"ಸರ್, ಕ್ಯಾಮೆರಾ ಮೇಂ ಆಪ್‌ಕಾ ದರವಾಜಾ ಖುಲಾ ದಿಖ್ ರಹಾ ಹೈ. ಸಬ್ ಠೀಕ್ ಹೈ ನಾ? ಕಿಸೀ ಕೀ ತಬಿಯತ್...?"

ಬಾಗಿಲು ತೆರೆದಿದೆ, ಯಾರಿಗಾದರೂ ಹುಷಾರಿಲ್ಲವೇ ಎಂದು. ಡೊಂಬಿವಲಿಯಲ್ಲಿ ಬಾಗಿಲು ಮುಚ್ಚಿದರೆ ಕೇಳುತ್ತಿದ್ದ ಪ್ರಶ್ನೆಯನ್ನು ಇಲ್ಲಿ ತೆರೆದರೆ ಕೇಳುತ್ತಾರೆ. ಎಲ್ಲರೂ ಆರೋಗ್ಯವಾಗಿದ್ದೇವೆಂದು ಹೇಳಿ, ಊಟಕ್ಕೆ ಬರುತ್ತೀರಾ ಎಂದೆ. ಅವರು ಗಾಬರಿಯಾದರು. ಡ್ಯೂಟಿ ಬಿಟ್ಟು ಮನೆಗಳಲ್ಲಿ ಕುಳಿತರೆ ಕೆಲಸ ಹೋಗುತ್ತದೆಂದು ಕೈಮುಗಿಯುವ ದನಿಯಲ್ಲಿ ಹೇಳಿ ಫೋನ್ ಇಟ್ಟರು. ಸ್ವಲ್ಪ ಹೊತ್ತಿಗೆ ಎದುರು ಮನೆಗೆ ಹಾಲು ತಂದ ಡೆಲಿವರಿಯವರು ಬಂದರು. ನಾನು ಎದ್ದು ನಿಂತು ಒಳಗೆ ಕರೆದೆ. "ಅಂಕಲ್, ಟೈಮ್ ಚಾಲೂ ಹೈ!" ಎಂದು ಮೊಬೈಲಿನಲ್ಲಿ ಓಡುತ್ತಿದ್ದ ಹೊತ್ತನ್ನು ತೋರಿಸುತ್ತ ಅವರು ಚೀಲವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಅದೇ ಲಿಫ್ಟಿನಲ್ಲಿ ಇಳಿದುಹೋದರು.

"ಅಪ್ಪಯ್ಯ, ನಿಮಗೆ ಶುಗರ್ ಉಂಟು," ಎಂದ ಮಗ, ಸ್ನಾನಕ್ಕೆ ಹೊರಟವನು ಅಲ್ಲಿಯೇ ನಿಂತು. "ನಿನ್ನೆಯಿಂದ ನೀರೂ ಇಲ್ಲ. ನಾನು ಡೊಂಬಿವಲಿಗೆ ಫೋನ್ ಮಾಡ್ತೇನೆ, ಯಾರನ್ನಾದ್ರೂ ಕ್ಯಾಬ್‌ನಲ್ಲಿ ಕರೆಸುವಾ."

"ಕರೆಸಿದರೆ ಅವರು ಕರೆಯದೆ ಬಂದವರು ಹೇಗಾಗುತ್ತಾರೆ?"

"ಮತ್ತೆ ಎಂತ ಮಾಡುದು? ಇಲ್ಲಿ ಕರೀದೆ ಯಾರು ಬರ್ತಾರೆ? ಯಾರೂ ಬರಬಾರದಂತಲೇ ಅಲ್ವಾ ಇಷ್ಟು ಮೇಂಟೆನೆನ್ಸ್ ಕಟ್ಟುದು!"

ಹೇಳಿ ಮುಗಿಸುವಾಗ ತನ್ನ ಮಾತು ತನಗೇ ತಿರುಗಿತೆಂದು ಅವನಿಗೆ ಹೊಳೆದಿರಬೇಕು. ಟವೆಲನ್ನು ಹೆಗಲಿಗೆ ಹಾಕಿಕೊಂಡು ಸ್ನಾನದ ಮನೆಗೆ ಹೋದ. ಮನೆಯವರು ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು ಗಡಿಯಾರ ನೋಡಿದರು. ನಾನು ದೇವರ ಕೋಣೆಗೆ ಹೋಗಿ, ಬರುವವರನ್ನು ನೀನೇ ಕಳುಹಿಸಬೇಕಷ್ಟೆ ಎಂದು ಕಣ್ಮುಚ್ಚಿ ಕುಳಿತೆ.

ಕಣ್ಣು ತೆರೆದು ಹೊರಗೆ ಬಂದಾಗ ನಮ್ಮ ಊಟದ ಮೇಜಿನ ತುದಿಯ ಕುರ್ಚಿಯಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ಬಿಳಿಯ ಬನಿಯನ್, ಬಿಳಿಯ ಪೈಜಾಮ, ವಾಕಿಂಗಿನ ಬೂಟು. ಬೂಟನ್ನು ಬಿಚ್ಚಲು ಬಗ್ಗಿದವರು ನನ್ನ ಹೆಜ್ಜೆಯ ಸದ್ದಿಗೆ ತಲೆಯೆತ್ತಿ, ಕಣ್ಣು ಕಿರಿದು ಮಾಡಿ ನನ್ನ ಪಂಚೆಯನ್ನೂ ಜನಿವಾರವನ್ನೂ ನೋಡಿದರು.

"ಕಾಯ್ ಅಣ್ಣಾ, ನವೀನ್ ಆಲಾಸ್ ಕಾ?"

ಹೊಸದಾಗಿ ಬಂದೆಯಾ ಎಂದು ಕೇಳಿದ್ದು. ಹೌದು, ಕೆಲವೇ ತಿಂಗಳಾಯಿತೆಂದು ನಾನು ಮರಾಠಿಯಲ್ಲಿ ವಿನಯದಿಂದ ಹೇಳಿದೆ. ಅವರು ತೃಪ್ತರಾಗಿ ತಲೆಯಾಡಿಸಿ, "ಹಾಗಾದರೆ ಬಡಿಸು, ಹಸಿವಾಗಿದೆ" ಎಂದರು. ಇದಕ್ಕಿಂತ ಸ್ಪಷ್ಟವಾದ ಅನುಗ್ರಹ ಇನ್ನು ಯಾವುದು ಬೇಕು? ನಾನು ಬಾಳೆಲೆ ಹಾಸಿದೆ. ಮನೆಯವರು ಬೆರಗಿನಿಂದ ಪಾತ್ರೆಗಳನ್ನು ತಂದಿಟ್ಟರು. ನಾನೇ ಬಡಿಸಿದೆ. ವೃದ್ಧರು ಎಲೆಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು.

"ಮ್ಹಾವರಾ ನಾಯ್?"

ಇಲ್ಲಿಯ ಮೂಲನಿವಾಸಿಗಳ ಮಾತಿನಲ್ಲಿ ಅದು ಮೀನು. ದ್ವಾದಶಿಯ ಎಲೆಯ ಮುಂದೆ ಆ ಪದವನ್ನು ಕೇಳಿ ನಾನು ತುಪ್ಪದ ಮಿಳ್ಳೆಯನ್ನು ಕೆಳಗಿಟ್ಟೆ. ಮನೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಮೊಣಕಾಲು ನೋವಿನವರು ಅಷ್ಟು ವೇಗವಾಗಿ ಹೋದದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

"ಇವತ್ತು ಇಲ್ಲ, ಬಾಬಾ," ಎಂದೆ.

"ಗೊತ್ತಾಯಿತು, ಸೊಸೆಯ ಕೆಲಸ," ಎಂದು ವೃದ್ಧರು ನಿಟ್ಟುಸಿರಿಟ್ಟರು. "ಡಾಕ್ಟರು ಹೇಳಿದ್ದೇ ನೆಪ, ಅಡುಗೆಗೆ ಮದ್ರಾಸಿ ಅಣ್ಣನನ್ನು ತಂದು ಕೂರಿಸಿದ್ದಾಳೆ." ಹೀಗೆ ಹೇಳಿ ಒಂದು ತುತ್ತು ತಂಬುಳಿಯನ್ನ ಬಾಯಿಗಿಟ್ಟವರು ನಿಂತರು. ಇನ್ನೊಂದು ತುತ್ತು ಉಂಡರು. "ಅಣ್ಣಾ, ಕೈ ಚೆನ್ನಾಗಿದೆ ನಿನ್ನದು. ಇದನ್ನು ಇನ್ನೊಂದಿಷ್ಟು ಹಾಕು. ಸಂಬಳದ ಮಾತು ನಾನು ಆಡುತ್ತೇನೆ, ಬಿಟ್ಟು ಹೋಗಬೇಡ."

ಪಾಯಸದ ಹೊತ್ತಿಗೆ ಮಗ ಸ್ನಾನ ಮುಗಿಸಿ ಹೊರಗೆ ಬಂದ. ಅವನು ವೃದ್ಧರನ್ನು ನೋಡಿದ. ವೃದ್ಧರು ಅವನನ್ನು ನೋಡಿದರು. ಇಬ್ಬರೂ ನನ್ನ ಕಡೆ ತಿರುಗಿ ಏಕಕಾಲದಲ್ಲಿ, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ, ಇದು ಯಾರೆಂದು ಕೇಳಿದರು.

ಆಮೇಲೆ ಎಲ್ಲವೂ ಬಿಡಿಸಿಕೊಂಡಿತು. ಅವರು ನಮ್ಮ ಕೆಳಗಿನ ಮಹಡಿಯವರು. ಲಿಫ್ಟಿನಲ್ಲಿ ತಮ್ಮ ಗುಂಡಿಯ ಬದಲು ಅದರ ಮೇಲಿನದನ್ನು ಒತ್ತಿ, ಇದೇ ತಮ್ಮದೆಂದು ಇಳಿದಿದ್ದರು. ವಾಕಿಂಗಿಗೆ ಕನ್ನಡಕ ಒಯ್ಯುವ ಅಭ್ಯಾಸವಿರಲಿಲ್ಲ. ಅವರು ಮರಳುವ ಹೊತ್ತಿಗೆ ಸೊಸೆ ಬಾಗಿಲು ತೆರೆದಿಡುವುದು ವಾಡಿಕೆ. ಹೀಗಾಗಿ ಸಾಲಿನಲ್ಲಿ ತೆರೆದ ಬಾಗಿಲು ಯಾವುದೋ ಅದೇ ತಮ್ಮ ಮನೆ. ಒಳಗೆ ಬಿಲ್ಡರು ಎಲ್ಲರಿಗೂ ಒಂದೇ ಬಣ್ಣದ ಗೋಡೆ, ಒಂದೇ ಕಡೆ ಮೇಜಿನ ಜಾಗ ಕೊಟ್ಟಿದ್ದ. ಸಂಗತಿ ತಿಳಿದಾಗ ಅವರು ನಾಚಿ ಎದ್ದುಹೋಗುವರೆಂದು ನಾನು ಹೆದರಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಪಾಯಸವನ್ನು ಪೂರ್ತಿ ಮಾಡಿಯೇ ಎದ್ದರು.

ಕೈತೊಳೆದು ಬಾಲ್ಕನಿಗೆ ಹೋಗಿ, ಕೆಳಗಿನ ಈಜುಕೊಳದ ಕಡೆ ಬೆರಳು ತೋರಿಸಿದರು. "ಅಲ್ಲಿ ನನ್ನ ಭತ್ತದ ಗದ್ದೆ ಇತ್ತು. ಈಗ ನನ್ನ ಮಗಳು ಬಂದರೂ ಗೇಟಿನಲ್ಲಿ ಫೋಟೋ ತೆಗೆಯುತ್ತಾರೆ."

"ಬೇಸರವಾಗುವುದಿಲ್ಲವೇ?" ಎಂದು ಕೇಳಿದೆ.

ಅವರು ಸೊಂಟಕ್ಕೆ ಕೈಯಿಟ್ಟರು. "ಆಗುತ್ತದೆ. ಆದರೆ ಲಿಫ್ಟ್ ಒಳ್ಳೆಯದು, ಅಣ್ಣಾ. ಗದ್ದೆಯಲ್ಲಿ ಸೊಂಟ ಮುರಿದಿತ್ತು."

ಅವರು ಇಳಿದುಹೋದ ಮೇಲೆ, ತಿಥಿ ಇನ್ನೂ ಇರುವಾಗಲೇ, ನಾನು ತೀರ್ಥ ತೆಗೆದುಕೊಂಡು ಊಟಕ್ಕೆ ಕುಳಿತೆ. ಅಷ್ಟು ರುಚಿಯಾದ ಪಾರಣೆಯನ್ನು ನಾನು ಉಂಡದ್ದು ಕಡಿಮೆ. ಆದರೂ ಮನಸ್ಸು ಒಂದು ಮಾತನ್ನು ಬಿಡಲೊಲ್ಲದು. ಮಗ ಕಚೇರಿಗೆ ಹೋದ ಮೇಲೆ ಮನೆಯವರಿಗೆ ಹೇಳಿದೆ:

"ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ಇವತ್ತಿನದು ಆಕಸ್ಮಿಕ. ಡೊಂಬಿವಲಿಯಲ್ಲಾದರೆ ಪ್ರತಿ ದ್ವಾದಶಿಗೂ ತಾವಾಗಿಯೇ ಬರುತ್ತಿದ್ದರು. ಆ ನೆಲದ ಗುಣ ಇಲ್ಲಿಗೆ ಎಷ್ಟು ಬೆಲೆ ಕೊಟ್ಟರೂ ಬಾರದು."

ಅವರು ಎಲೆ ಮಡಿಸುತ್ತಿದ್ದ ಕೈಯನ್ನು ನಿಲ್ಲಿಸಿ ನನ್ನನ್ನು ನೋಡಿದರು. ಪಾಠ ಹೇಳಿಕೊಡುವಾಗ ದಡ್ಡ ಹುಡುಗರನ್ನು ನಾನು ಹಾಗೆ ನೋಡುತ್ತಿದ್ದೆ.

"ಯಾವ ನೆಲದ ಗುಣ ಮಾರಾಯ್ರೆ? ಏಕಾದಶಿ ಬೆಳಿಗ್ಗೆ ನೀರು ಹಿಡೀಲಿಕ್ಕೆ ಹೋದಾಗ 'ನಾಳೆ ನಮ್ಮಲ್ಲಿಗೆ ಯಾರು ಬರ್ತೀರಿ'ಂತ ನಾನೇ ಕೇಳಿ ಬರ್ತಿದ್ದೆ. ಅವ್ರು ಅವ್ರಲ್ಲೇ ಮಾತಾಡಿಕೊಂಡು ಒಬ್ರನ್ನ ಕಳಿಸ್ತಿದ್ರು. ಇಲ್ಲಿಗೆ ಬಂದ ಮೇಲೆ ಫೋನ್‌ನಲ್ಲೇ ಹೇಳ್ತಿದ್ದೆ."

"ಆ ವಿಮೆಯ ಏಜೆಂಟರು?"

"ಮೇಲಿನ ಮನೆಯವ್ಳ ತಮ್ಮ."

"ಕೆಳಮನೆಯ ಅಜ್ಜಿಯ ಬೆಕ್ಕು?"

"ಅವ್ರ ಮನೇಲಿ ಬೆಕ್ಕು ಎಲ್ಲಿತ್ತು?" ಎಂದು ಅವರು ನಗತೊಡಗಿದರು. "ನೀವು ಹಸಿದು ಕೂರುದು ನೋಡ್ಲಿಕ್ಕಾಗ್ತಿರ್ಲಿಲ್ಲ, ನಿಮ್ಮ ವ್ರತ ಕೆಡ್ಸ್‌ಲಿಕ್ಕೂ ಮನಸ್ಸಿಲ್ಲ. ನೀವು ಕರೀಲಿಲ್ಲ ತಾನೆ? ನಿಮ್ಮ ನಿಯಮಕ್ಕೆ ಎಂತ ತೊಂದ್ರೆ?"

 ಕೇಳಲು ಉಳಿದಿದ್ದ ಒಂದೇ ಪ್ರಶ್ನೆಯನ್ನು ಕೇಳಿದೆ.

"ಇವತ್ತಿನವರು?"

ಅವರು ನಗುವುದನ್ನು ನಿಲ್ಲಿಸಿದರು. ದೇವರ ಕೋಣೆಯ ಕಡೆ ತಿರುಗಿ ಕೈಮುಗಿದರು. "ದೇವ್ರಾಣೆಗೂ ಇವ್ರನ್ನು ನಾನು ಕರೀಲಿಲ್ಲ. ಇಲ್ಲಿ ನನಗೆ ಯಾರ ಗುರ್ತ ಉಂಟು? ಬೆಳಿಗ್ಗೆಯಿಂದ ಗಡಿಯಾರ ನೋಡುದೇ ಆಯ್ತು. ಇನ್ನು ಆ ಮೆಟ್ಲು ಹತ್ತುದು ತಪ್ಪುದಿಲ್ಲಂತ ಗ್ರಹಿಸಿ ಆಗಿತ್ತು."

ಹೀಗೆ, ಸಂಸಾರ ಹೂಡಿದಂದಿನಿಂದ ಇಂದಿನವರೆಗೆ ನನ್ನ ಎಲೆಯ ಮುಂದೆ ನಿಜವಾಗಿ ಕರೆಯದೆ ಬಂದವರು ಒಬ್ಬರೇ ಎಂದಾಯಿತು. ಅವರು ಬಂದದ್ದು, ಯಾರೂ ಬಾರದಿರಲೆಂದು ಇಷ್ಟು ವೆಚ್ಚಮಾಡಿ ಕಟ್ಟಿದ ಕೋಟೆಯೊಳಗೆ. ದೇವರಿಗೆ ಗೇಟಿನ ನಿಯಮಗಳು ಗೊತ್ತಿಲ್ಲವೆಂದಲ್ಲ. ಕೆಳಗಿನ ಮಹಡಿಯಿಂದ ಕಳುಹಿಸಿದರೆ ಫೋಟೋ ತೆಗೆಯುವವರಿಲ್ಲವೆಂಬುದೂ ಅವನಿಗೆ ಗೊತ್ತಿತ್ತು.

ದುಬಾರಿ ಬಡಾವಣೆ ಅಷ್ಟು ಬೆಲೆಗೆ ತಕ್ಕದ್ದೇ ಎಂದು ಈಗಲೂ ಡೊಂಬಿವಲಿಯ ಪರಿಚಿತರು ಕೇಳುತ್ತಾರೆ. ಮೊಣಕಾಲಿಗೆ ತಕ್ಕದ್ದು, ಸೂರ್ಯನಿಗೆ ತಕ್ಕದ್ದು ಎನ್ನುತ್ತೇನೆ. ಉಳಿದದ್ದನ್ನು ಬಿಲ್ಡರು ಮಾರುವುದಿಲ್ಲ, ಡೊಂಬಿವಲಿಯಲ್ಲಿಯೂ ಯಾರೂ ಮಾರುತ್ತಿರಲಿಲ್ಲ. ಅದನ್ನು ಒಬ್ಬರು ನೀರಿಗೆ ಹೋದಲ್ಲಿ ನಿಂತು ಕೇಳಿ ತರುತ್ತಿದ್ದರು. ಆ ಸಂಜೆ ಮಗ ಮನೆಗೆ ಬಂದಾಗ ನಾನು ಸಹಿ ಹಾಕುವುದಾಗಿ ಹೇಳಿದೆ. ಅವನು ನನ್ನ ಕಾಲು ಮುಟ್ಟಿದ. ಅಮ್ಮನ ಕಡೆ ನೋಡಿ ಕಣ್ಣೊರೆಸಿಕೊಂಡ.

ಮುಂದಿನ ದ್ವಾದಶಿಗೆ ಬಾಗಿಲು ಮತ್ತೆ ಗೋಡೆಗೆ ತಾಗಿತು. ಇಂಟರ್‌ಕಾಮಿನವರು ಈಗ ವಿಚಾರಿಸುವುದಿಲ್ಲ. ಪಾರಣೆಯ ಹೊತ್ತಿಗೆ ಸರಿಯಾಗಿ ಕೆಳಮಹಡಿಯ ಹಿರಿಯರು ಲಿಫ್ಟಿನಿಂದ ಇಳಿದು, "ಅರೇ, ಪುನಃ ಮಹಡಿ ತಪ್ಪಿತಲ್ಲ ಅಣ್ಣಾ!" ಎನ್ನುತ್ತ ಒಳಗೆ ಬಂದರು. ಕನ್ನಡಕ ಹಾಕಿಕೊಂಡೇ ಬಂದಿದ್ದರು.

ನಾನಂತೂ ಅವರನ್ನು ಕರೆದಿರಲಿಲ್ಲ. ಮನೆಯವರನ್ನು ಕೇಳಲು ಹೋಗಲಿಲ್ಲ.