ತಿನ್ನುವುದೆಷ್ಟು, ನೂಲುವುದೆಷ್ಟು

ಬೀದಿಯವರೆಲ್ಲ ಅವರನ್ನು ಗಿರಣಿಯಮ್ಮ ಎಂದೇ ಕರೆಯುತ್ತಿದ್ದರು. ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು; ಕೊನೆಯ ಒಂಬತ್ತು ವರ್ಷ ಒಂದಿಡೀ ಸಾಲಿನ ಯಂತ್ರಗಳಿಗೆ ಮೇಸ್ತ್ರಿ. ಕದಿರುಗಳ ಗದ್ದಲದಲ್ಲಿ ಎರಡು ಕಿವಿಗಳೂ ಮುಕ್ಕಾಲುಪಾಲು ಹೋಗಿದ್ದವು. ಅದು ಅವರಿಗೆ ದೊಡ್ಡ ದುಃಖವೇನಲ್ಲ. "ಕೇಳಬೇಕಾದ್ದನ್ನೆಲ್ಲ ಮದುವೆಯಾದ ಮೊದಲನೇ ವರ್ಷವೇ ಕೇಳಿ ಮುಗಿಸಿದೀನಿ" ಎಂದು ನಗುತ್ತಿದ್ದರು. ಅವರಿಗೆ ಸಂಕಟವಾಗುತ್ತಿದ್ದದ್ದು ಕೈಗೆ ಕೆಲಸವಿಲ್ಲದ್ದಕ್ಕೆ.

ಗಿರಣಿಯಿಂದ ನಿವೃತ್ತರಾಗಿ ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಎರಡನೇ ಮಹಡಿಯಲ್ಲಿ ಮೂರು ಕೋಣೆ, ಹಿಂದೆ ಬಟ್ಟೆ ಒಗೆಯುವ ಮುಚ್ಚಿದ ಬಾಲ್ಕನಿ. ಮಗಳದ್ದು ಮನೆಯಲ್ಲೇ ಕೂತು ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ಅಳಿಯ ಪಕ್ಕದ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದ. ಮೆತ್ತನೆಯ ಮನುಷ್ಯ. ಅತ್ತೆಗೂ ಅವನಿಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. "ಊಟ ಆಯ್ತಾ ಅತ್ತೆ?" "ಆಯ್ತು ಅಳಿಯಂದ್ರೇ." ಎರಡು ವರ್ಷದ ಸಂಭಾಷಣೆ ಅಷ್ಟೇ.

ಒಂದು ಭಾನುವಾರ ಅಳಿಯ ಬೂಟಿನ ಡಬ್ಬಿಯಷ್ಟು ಗಾತ್ರದ, ಹಿಂದೆ ಮುಂದೆ ಫ್ಯಾನಿದ್ದ ಒಂದು ಯಂತ್ರ ಹೊತ್ತು ತಂದ. ಜೆರಾಕ್ಸ್ ಅಂಗಡಿಯ ಗೆಳೆಯ ಅಗ್ಗಕ್ಕೆ ಕೊಟ್ಟ ಹಳೇ ಮಾಲು. ಕ್ರಿಪ್ಟೋ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ಮಾಡುವ ಯಂತ್ರವಂತೆ. ಬಾಲ್ಕನಿಯಲ್ಲಿಟ್ಟು ಗುಂಡಿ ಒತ್ತಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

ಮಗಳು ಓಡಿ ಬಂದಳು. "ರೀ, ಏನ್ರೀ ಇದು! ಗಿರಾಕಿಯೊಬ್ಬರು 'ಏನಮ್ಮಾ, ವಿಮಾನದಲ್ಲಿ ಕೂತು ಮಾತಾಡ್ತಿದೀರಾ?' ಅಂತ ಕೇಳಿದ್ರು!"

"ಎರಡು ವಾರ ಸಹಿಸ್ಕೋ. ಬಾಡಿಗೆ ದುಡ್ಡೆಲ್ಲ ಇದೇ ದುಡಿದು ಕೊಡುತ್ತೆ."

ಮಗಳು ಮುಖ ಊದಿಸಿಕೊಂಡು ಬಾಗಿಲು ಹಾಕಿಕೊಂಡಳು. ಗಿರಣಿಯಮ್ಮ ಮಾತ್ರ ಕಿವಿಯ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು, ಕುರ್ಚಿ ಎಳೆದುಕೊಂಡು ಆ ಗದ್ದಲದ ಪಕ್ಕವೇ ಕೂತರು. ಅಂಗೈಯನ್ನು ಅದರ ಬೆನ್ನ ಮೇಲಿಟ್ಟರು. ಅಂಗಾಲಿಗೆ ನೆಲದ ಸಣ್ಣ ನಡುಕ ತಾಗಿತು. ಎರಡು ವರ್ಷದಿಂದ ಆ ಕಾಲುಗಳಿಗೆ ನೆಲ ಬರೀ ನೆಲವಾಗಿತ್ತು. ಅವರಿಗೆ ತವರಿಗೆ ಬಂದಷ್ಟು ಹಿತವಾಯಿತು.

ಗಿರಣಿಯಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಆ ವಿದ್ಯೆ ಅವರ ಹತ್ತಿರ ಇನ್ನೂ ಇತ್ತು. "ಇದು ತಯಾರು ಮಾಡೋದೇನು ಅಳಿಯಂದ್ರೇ?"

ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ಒಂದು ಬೀಗ ಇದೆ ಅಂದ್ಕೊಳಿ ಅತ್ತೆ. ಲೋಕದಲ್ಲಿ ಲಕ್ಷಾಂತರ ಯಂತ್ರಗಳು ಒಂದೊಂದೇ ಕೀಲಿಕೈ ಹಾಕಿ ನೋಡ್ತಾ ಇರುತ್ವೆ. ಯಾವುದಕ್ಕೆ ಬೀಗ ತೆಗೀತೋ ಅದಕ್ಕೆ ಹೊಸ ನಾಣ್ಯ. ಹತ್ತು ನಿಮಿಷಕ್ಕೆ ಮತ್ತೊಂದು ಬೀಗ. ನಮ್ಮಂಥ ಚಿಕ್ಕವರು ಸಾವಿರಾರು ಜನ ಗುಂಪು ಕಟ್ಕೊಂಡು, ಸಿಕ್ಕಿದ್ರಲ್ಲಿ ಪಾಲು ಹಂಚ್ಕೋತೀವಿ." ಫೋನು ತೆಗೆದು ಅಲ್ಲಿಯವರೆಗಿನ ಗಳಿಕೆ ತೋರಿಸಿದ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ನೂಲಿದ್ದು. ತಿಂದದ್ದೆಷ್ಟು?"

"ಕರೆಂಟ್ ಬಿಲ್ಲು ತಿಂಗಳ ಕೊನೆಗೆ ಬರುತ್ತಲ್ಲ ಅತ್ತೆ."

"ಬಿಲ್ಲು ಬರೋವರೆಗೆ ಕಾಯೋನು ಮೇಸ್ತ್ರಿ ಅಲ್ಲ. ಹೊಸ ಯಂತ್ರ ಬಂದ್ರೆ ಒಂದು ವಾರ ನಾವು ಅದರ ಬಾಯಿಗೂ ಕಾವಲು, ಬಾಲಕ್ಕೂ ಕಾವಲು."

ಅತ್ತೆ ಇಷ್ಟುದ್ದ ಮಾತಾಡಿದ್ದನ್ನು ಅಳಿಯ ಅದೇ ಮೊದಲು ಕಂಡದ್ದು. ಮರುದಿನವೇ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರು ತಂದ. ಅತ್ತೆ ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಗೀಟೆಳೆದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೀಟರು ಓದಿ ಬರೆಯುವುದು. ಸಂಜೆ ಅಳಿಯ ಚಪ್ಪಲಿ ಬಿಟ್ಟವನೇ ನೇರ ಬಾಲ್ಕನಿಗೆ ಬರುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತ ಹಾಳೆ ನೋಡುತ್ತಿದ್ದರು. ಗಿರಣಿಯ ಕಥೆಗಳು ಒಂದೊಂದೇ ಹೊರಬಂದವು. ಎಳೆ ಕಡಿದರೆ ಓಡುವ ಯಂತ್ರ ನಿಲ್ಲಿಸದೆಯೇ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಟು ಹಾಕುತ್ತಿದ್ದ ಬಗೆಯನ್ನು ಅವರು ಹೊಲಿಗೆ ದಾರ ಹಿಡಿದು ಮಾಡಿ ತೋರಿಸಿದರು.

ಮೂರನೇ ದಿನ ಅವರು ಯಂತ್ರದ ಮೇಲೆ ಕೈಯಿಟ್ಟು ಹುಬ್ಬು ಗಂಟಿಕ್ಕಿದರು. "ಎಡಗಡೆ ಫ್ಯಾನಿನ ಬೇರಿಂಗು ಹೋಗ್ತಾ ಇದೆ."

"ಚೆನ್ನಾಗೇ ತಿರುಗ್ತಿದೆಯಲ್ಲ ಅತ್ತೆ?"

"ಕಣ್ಣಿಗೆ ತಿರುಗುತ್ತೆ. ಕೈಗೆ ಕುಂಟುತ್ತೆ."

ನಾಲ್ಕನೇ ದಿನ ಮಧ್ಯಾಹ್ನ ಎಡಗಡೆ ಫ್ಯಾನು ನಿಂತು, ಕಾವು ಹೆಚ್ಚಾಗಿ, ಯಂತ್ರ ತಾನಾಗಿ ಆರಿಹೋಯಿತು. ಅಳಿಯ ಹೊಸ ಫ್ಯಾನು ತಂದು ಹಾಕಿದನಾದರೂ, ಅವನ ಕಣ್ಣೆಲ್ಲ ಅತ್ತೆಯ ಅಂಗೈ ಮೇಲೆಯೇ ಇತ್ತು.

ವಾರ ತುಂಬಿತು. ಅಳಿಯ ಎರಡು ಸಲ ಕೂಡಿಸಿದ, ಮಗಳೂ ಬಂದು ಒಮ್ಮೆ ಕೂಡಿಸಿದಳು. ನೂರು ರೂಪಾಯಿಯ ಕರೆಂಟು ತಿಂದರೆ ಮೂವತ್ತೆರಡು ರೂಪಾಯಿಯ ನಾಣ್ಯ. ಫ್ಯಾನಿನ ಖರ್ಚು ಅದಕ್ಕೆ ಸೇರಿರಲಿಲ್ಲ.

"ಮೂಗಿಗಿಂತ ಮೂಗುತಿ ಭಾರ" ಎಂದರು ಗಿರಣಿಯಮ್ಮ.

ಅಳಿಯ ಸುಲಭಕ್ಕೆ ಸೋಲಲಿಲ್ಲ. "ಇವತ್ತಿನ ಬೆಲೆ ಹಂಗಿದೆ ಅತ್ತೆ. ನಾಳೆ ನಾಣ್ಯದ ಬೆಲೆ ಐದು ಪಟ್ಟು ಏರಿದ್ರೆ?"

"ಏರುತ್ತೆ ಅನ್ನೋ ನಂಬಿಕೆ ಇದ್ರೆ, ಕರೆಂಟಿಗೆ ಸುರಿಯೋ ಆ ನೂರು ಕೊಟ್ಟು ನಾಣ್ಯಾನೇ ಕೊಂಡ್ಕೊಳಿ. ನೂರರ ನಾಣ್ಯ ಬರುತ್ತಲ್ಲ? ನೂಲು ಪೇಟೆಯಲ್ಲೇ ಅಗ್ಗಕ್ಕೆ ಸಿಗುವಾಗ ಮನೇಲಿ ಗಿರಣಿ ಯಾಕೆ?"

ಅಳಿಯ ಜೋರಾಗಿ ನಕ್ಕುಬಿಟ್ಟ. "ಬೆಟ್ಟ ಅಗೆದು ಇಲಿ ಹಿಡಿದೆ ಅನ್ನಿ."

"ಇಲಿನಾದ್ರೂ ಪೂರ್ತಿ ಸಿಕ್ತಾ?" ಎಂದಳು ಮಗಳು. "ಗುಂಪಲ್ಲಿ ಹಂಚ್ಕೊಂಡು ಬಾಲದ ತುದಿ ತಂದಿದೀರಿ."

ಯಂತ್ರಕ್ಕೆ ಗಿರಾಕಿಯೂ ಸಿಕ್ಕ. ರೇಡಿಯೋ ರಿಪೇರಿಯವನು. ಅಳಿಯ ಕ್ಯಾಲೆಂಡರಿನ ಹಾಳೆಯನ್ನು ಅವನ ಮುಂದೆ ಬಿಚ್ಚಿಟ್ಟ. "ಲಾಭಕ್ಕಲ್ಲಪ್ಪ, ಬಿಚ್ಚಿ ನೋಡೋ ಹುಚ್ಚು" ಎಂದು ಅವನು ಅರ್ಧ ಬೆಲೆ ಕೊಟ್ಟು ಹೊತ್ತುಕೊಂಡು ಹೋದ. ಹೋದ ದುಡ್ಡಿಗಾಗಿ ಮನೆಯಲ್ಲಿ ಯಾರೂ ಮುಖ ಬಾಡಿಸಲಿಲ್ಲ. ಮಗಳು ಆವತ್ತು ಫೋನಿನಲ್ಲಿ ಎಂದಿಗಿಂತ ಸಿಹಿಯಾಗಿ ಮಾತಾಡಿದಳು. ಗಿರಣಿಯಮ್ಮ ಮಾತ್ರ ಬಾಲ್ಕನಿಗೆ ಎರಡು ಸಲ ಹೋಗಿ, ಖಾಲಿ ಮೂಲೆ ನೋಡಿ ವಾಪಸು ಬಂದರು.

ಅದು ಅಳಿಯನ ಕಣ್ಣಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತ. "ಅತ್ತೆ, ಹಲ್ಲಿನ ಸೆಟ್ಟು ಪಾಲಿಷ್ ಮಾಡೋ ನನ್ನ ಮೋಟಾರು ಆರು ತಿಂಗಳಿಂದ ನಡುಗ್ತಾ ಇದೆ. ಮೂವರು ಮೆಕ್ಯಾನಿಕ್ಕು ನೋಡಿಯೂ ಆಯ್ತು. ನೀವೊಂದು ಸಲ ಕೈಯಿಟ್ಟು ನೋಡ್ತೀರಾ?"

ಅವರು ಅವನಿಗಿಂತ ಮೊದಲೇ ಮೆಟ್ಟಿಲಿಳಿದರು. ಕೋಣೆಯ ತುಂಬ ಸುಣ್ಣದ ಪುಡಿಯಂಥ ಬಿಳಿ ಧೂಳು; ಮೇಜಿನ ಮೇಲೆ ಸಾಲಾಗಿ ಹಲ್ಲು ಕಿರಿಯುತ್ತ ಕೂತ ಗುಲಾಬಿ ವಸಡುಗಳು. ಗಿರಣಿಯಮ್ಮ ಮೋಟಾರಿನ ಮೇಲೆ, ಆಮೇಲೆ ಮೇಜಿನ ಕಾಲಿನ ಮೇಲೆ ಕೈಯಿಟ್ಟರು. "ಮೋಟಾರಿಗೇನೂ ಆಗಿಲ್ಲ. ನಡುಗ್ತಾ ಇರೋದು ಮೇಜು." ಹಳೇ ಟೈರಿನ ತುಂಡು ತರಿಸಿ, ಮೇಜಿನ ಒಂದು ಕಾಲಿಗೆ ಕೊಟ್ಟು ಬೋಲ್ಟು ಬಿಗಿಸಿದರು. ನಡುಕ ನಿಂತಿತು. ಆ ಖುಷಿಗೆ ಅಳಿಯ ಅವರ ಕೈಗೊಂದು ಸೆಟ್ಟು ಕೊಟ್ಟು, ಮೋಟಾರಿನಲ್ಲಿ ತಿರುಗುವ ಬಟ್ಟೆಚಕ್ರಕ್ಕೆ ಹಿಡಿದು ಹೊಳಪು ಕೊಡುವುದನ್ನು ಕಲಿಸಿದ. ಎಳೆ ಹಿಡಿದು ಪಳಗಿದ ಬೆರಳುಗಳಿಗೆ ಅದು ಒಂದೇ ವಾರಕ್ಕೆ ಒಲಿಯಿತು.

ಈಗ ವಾರಕ್ಕೆ ನಾಲ್ಕು ದಿನ ಅವರು ಅಳಿಯನ ಜೊತೆ ಕೆಲಸಕ್ಕೆ ಹೋಗುತ್ತಾರೆ. ಕೆಳಮನೆಯಾಕೆ ಒಮ್ಮೆ, "ಈ ವಯಸ್ಸಲ್ಲಿ ಅಳಿಯನ ಕೈಕೆಳಗೆ ದುಡೀಬೇಕಾ ಅಮ್ಮ?" ಎಂದು ಮರುಕ ಪಟ್ಟಳು.

"ಕೈಕೆಳಗೆ ಯಾರಮ್ಮ? ಅವರೇ ನನ್ನ ಪಾಳೀಲಿದಾರೆ" ಎಂದರು ಗಿರಣಿಯಮ್ಮ.

ಮನೆಯಲ್ಲಿ ಊಟಕ್ಕೆ ಕೂತರೂ ಅತ್ತೆ-ಅಳಿಯಂದಿರ ಮಾತು ಬೇರಿಂಗು, ಬೋಲ್ಟುಗಳದ್ದೇ. ಮಗಳು ತಲೆ ಚಚ್ಚಿಕೊಂಡು, "ಮೊದಲೇ ಚೆನ್ನಾಗಿತ್ತು, ಇಬ್ಬರೂ ಬಾಯಿ ಮುಚ್ಕೊಂಡು ಉಣ್ತಿದ್ರಿ" ಎನ್ನುತ್ತಾಳೆ. ಹಾಗೆನ್ನುತ್ತಲೇ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಬಡಿಸುತ್ತಾಳೆ.