ಅರಿಶಿನ ಹಚ್ಚಿದ ಅಂಗಿ

ಗೆಳೆಯರೇ, ಸಿ.ವಿ. ರಾಮನ್ ನಗರದ ನಮ್ಮ ಮನೆ ಬಾಗಿಲಲ್ಲಿ ಇವತ್ತು ಒಂದು ಅಂಗಿಯ ವಿಚಾರಣೆ ನಡೆಯಿತು. ಶುಕ್ರವಾರ ಅಪ್ಪನಿಗೆ ಕಾರ್ಖಾನೆಯಲ್ಲಿ ಬೀಳ್ಕೊಡುಗೆ. ಅದಕ್ಕೆಂದು ನಾನೇ ಆನ್‌ಲೈನಿನಲ್ಲಿ ತರಿಸಿದ ಅಂಗಿ ಅದು. ಚೀಟಿಯಲ್ಲಿ ಎಕ್ಸ್‌ಎಲ್, ಅಪ್ಪನ ಮೈಮೇಲೆ ರವಿಕೆ. ವಾಪಸ್ ಒಯ್ಯಲು ಬಂದ ಕೊರಿಯರ್‌ನವರು ಅದನ್ನು ಬಿಡಿಸಿ ನೋಡಿ, ಕಾಲರಿನ ಒಳಗೆ ಬೆರಳಿಟ್ಟರು.

"ಅಮ್ಮಾರ, ಇಲ್ಲಿ ಕಲೆ ಅದರಿ. ಕಂಪನಿಯವ್ರು ತಗೊಳ್ಳಲ್ರಿ."

"ಕಲೆ ಅಲ್ಲಪ್ಪ, ಅರಿಶಿನ. ಹೊಸ ಬಟ್ಟೆಗೆ ಹಚ್ಚದೆ ಹೇಗೆ ಹಾಕ್ಕೊಳ್ಳೋದು?" ಎಂದರು ಅಮ್ಮ.

"ಹಚ್ಚಿದ್ರ ಹಳೇದು ಅಂತಾರ್ರಿ."

"ಹಚ್ಚಿದ್ಮೇಲೇನೇ ಅದು ಹೊಸದು. ನಿಮ್ಮ ಕಂಪನಿಯವ್ರಿಗೆ ಹೇಳಪ್ಪ."

ಅವರ ಫಾರಂನಲ್ಲಿ ಹರಿದಿದೆ, ಒಗೆದಿದೆ, ಕಲೆಯಾಗಿದೆ ಎಂದಷ್ಟೇ ಇತ್ತು. ಅಮ್ಮ ಯಾವುದಕ್ಕೂ ಒಪ್ಪಲಿಲ್ಲ. ಕೊನೆಗೆ ಕೊರಿಯರ್‌ನವರು ಪೆನ್ನು ತೆಗೆದು ಕಲೆ ಎಂದೇ ಬರೆಯಲು ಬಗ್ಗಿದರು. ಅಮ್ಮನ ಕಣ್ಣು ಅವರ ಕಂಪನಿ ಟೀ ಶರ್ಟಿನ ಕಾಲರಿನ ಮೇಲೆ ಬಿತ್ತು. ಅಲ್ಲಿಯೂ ಹಳದಿ ಬೊಟ್ಟು.

"ಇದೇನಪ್ಪಾ?"

ಅವರು ಕಾಲರ್ ಮುಟ್ಟಿಕೊಂಡರು. "ಯೂನಿಫಾರ್ಮ್ ನಿನ್ನೆ ಕೊಟ್ಟಾರ್ರಿ. ನಮ್ಮವ್ವ ಹಚ್ಯಾಳ್ರಿ."

ಆಮೇಲೆ ಕಲೆ ಎಂದು ಬರೆಯಲು ಅವರಿಗೆ ಮನಸ್ಸು ಬರಲಿಲ್ಲ. ನಮ್ಮ ಸೋಫಾದಲ್ಲೇ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ, ‘ಮನೆಗೆ ಬೀಗ ಹಾಕಿತ್ತು’ ಎಂದು ಬರೆದುಕೊಂಡು ಹೋದರು.

ಅಂಗಿ ಇಲ್ಲೇ ಇದೆ. ನಾಳೆ ಬೇರೆಯವರು ಬರುತ್ತಾರಂತೆ. ಅವರ ಕಾಲರನ್ನೂ ನೋಡಬೇಕೆಂದು ಅಮ್ಮ ಈಗಲೇ ಕನ್ನಡಕ ಒರೆಸಿಟ್ಟಿದ್ದಾರೆ.